ಕಂಪ್ಯೂಟರ್ ಪಿಯಾನೊ: ಸ್ವರ ತಡವಾಗೋದು, ನುಂಗಿಹೋಗೋದು ಯಾಕೆ? ಸರಿಪಡಿಸೋದು ಹೇಗೆ?

[ತೆರೆಯಲ್ಲಿ: ಲ್ಯಾಪ್‌ಟಾಪ್ ಕೀಬೋರ್ಡ್, ಅಕ್ಷರಗಳ ಮೇಲೆ ಸ್ವರದ ಹೆಸರುಗಳು]

ನಮಸ್ಕಾರ. ಬಹಳಷ್ಟು ವರ್ಚುವಲ್ ಪಿಯಾನೊಗಳಲ್ಲಿ, ಅಂದರೆ ಕಂಪ್ಯೂಟರಿನ ಟೈಪಿಂಗ್ ಕೀಗಳಿಂದ ನುಡಿಸೋ ಪಿಯಾನೊ ಸಾಫ್ಟ್‌ವೇರ್‌ಗಳಲ್ಲಿ, ಎ ಅಕ್ಷರದಿಂದ ಕೆ ವರೆಗಿನ ಸಾಲು ಬಿಳಿ ಕೀಗಳು, ಅಂದರೆ ಸಿ ಸ್ವರದಿಂದ ಮುಂದಿನ ಸಿ ವರೆಗೆ. ಅದರ ಮೇಲಿನ ಸಾಲಿನ ಡಬ್ಲ್ಯು, ಇ, ಟಿ, ವೈ, ಯು ಕಪ್ಪು ಕೀಗಳು. ಆರ್ ಒತ್ತಿದರೆ ಏನೂ ಕೇಳಿಸಲ್ಲ, ಯಾಕಂದರೆ ಇ ಮತ್ತು ಎಫ್ ಸ್ವರಗಳ ನಡುವೆ ಕಪ್ಪು ಕೀ ಇರೋದೇ ಇಲ್ಲ.

ಒಂದೊಂದೇ ಸ್ವರ ನುಡಿಸುವಾಗ ಎಲ್ಲ ಸರಿಯಾಗಿರುತ್ತೆ. ಕಾರ್ಡ್, ಅಂದರೆ ಮೂರ್ನಾಲ್ಕು ಸ್ವರ ಒಟ್ಟಿಗೆ ಹಿಡಿದಾಗ ಒಂದು ಸ್ವರ ಮಾಯ! ಇದು ನಿಮ್ಮ ಬೆರಳಿನ ತಪ್ಪಲ್ಲ. ಸಾಮಾನ್ಯ ಕೀಬೋರ್ಡಿನೊಳಗೆ ಪ್ರತಿ ಕೀಗೂ ಬೇರೆ ತಂತಿ ಇರಲ್ಲ. ಅಡ್ಡ ಸಾಲು, ಉದ್ದ ಸಾಲು ಸೇರುವ ಜಾಗವನ್ನ ನೋಡಿ ಯಾವ ಕೀ ಅಂತ ಅದು ತಿಳಿಯುತ್ತೆ. ಕೆಲವು ಮೂರು ಕೀಗಳನ್ನ ಒಟ್ಟಿಗೆ ಒತ್ತಿದರೆ ಅದಕ್ಕೆ ಗೊಂದಲವಾಗಿ ಮೂರನೆಯದನ್ನ ಬಿಟ್ಟುಬಿಡುತ್ತೆ. ಅನುಮಾನವಿದ್ದರೆ ನೋಟ್‌ಪ್ಯಾಡ್ ತೆರೆದು ಅದೇ ಮೂರು ಕೀ ಒಟ್ಟಿಗೆ ಒತ್ತಿ. ಅಲ್ಲೂ ಒಂದು ಅಕ್ಷರ ಬರದಿದ್ದರೆ ತೊಂದರೆ ಕೀಬೋರ್ಡಿನದೇ, ಪಿಯಾನೊ ಸಾಫ್ಟ್‌ವೇರ್ ಬದಲಿಸಿ ಪ್ರಯೋಜನವಿಲ್ಲ.

ಇನ್ನೊಂದು ಮಿತಿ ಇದೆ. ಟೈಪಿಂಗ್ ಕೀ ಬರೀ ಸ್ವಿಚ್. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಶಬ್ದ ಒಂದೇ. ಡಿಜಿಟಲ್ ಪಿಯಾನೊದಲ್ಲಿ ಒಂದೊಂದು ಕೀ ಕೆಳಗೂ ಎರಡೋ ಮೂರೋ ಸೆನ್ಸರ್ ಇರುತ್ತವೆ. ಮೊದಲನೆಯದರಿಂದ ಎರಡನೆಯದಕ್ಕೆ ಕೀ ಎಷ್ಟು ಬೇಗ ಇಳಿಯಿತು ಅಂತ ಲೆಕ್ಕ ಹಾಕಿ 1 ರಿಂದ 127 ರ ಒಳಗಿನ ಒಂದು ಸಂಖ್ಯೆಯನ್ನ ಮಿಡಿ (ವಾದ್ಯ, ಕಂಪ್ಯೂಟರ್ ಪರಸ್ಪರ ಮಾತಾಡೋ ಸಂಕೇತ ಭಾಷೆ) ಮೂಲಕ ಕಳಿಸುತ್ತೆ. ಹಾಗಾಗಿ ಟೈಪಿಂಗ್ ಕೀಗಳಲ್ಲಿ ಸ್ವರಗಳ ಜಾಗ ಕಲಿಯಿರಿ. ಕೈಯ ಹದ ಕಲಿಯೋಕೆ ತೂಕವಿರುವ ಕೀಗಳೇ ಬೇಕು.

[ತೆರೆಯಲ್ಲಿ: ಆಡಿಯೊ ಸೆಟ್ಟಿಂಗ್ಸ್, ಬಫರ್ ಸೈಜ್ ಮೇಲೆ ಗುರುತು]

ಈಗ ಎಲ್ಲರನ್ನೂ ಕಾಡೋ ವಿಷಯ, ತಡ. ಕಂಪ್ಯೂಟರ್ ಧ್ವನಿಯನ್ನ ಕಂತು ಕಂತಾಗಿ ಹೊರಗೆ ಕಳಿಸುತ್ತೆ. ಆ ಕಂತಿನ ಅಳತೆಯೇ ಬಫರ್. ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯ ಚಿಕ್ಕ ಚಿಕ್ಕ ತುಣುಕು) ಇರುವಾಗ 1,024 ರ ಬಫರ್ ಅಂದರೆ ಸುಮಾರು 23 ಮಿಲಿಸೆಕೆಂಡ್. 128 ಆದರೆ 3 ಕ್ಕಿಂತ ತುಸು ಕಡಿಮೆ. ಧ್ವನಿಯ ಯಂತ್ರಾಂಶವನ್ನ ನಡೆಸೋ ಸಾಫ್ಟ್‌ವೇರ್, ಅಂದರೆ ಡ್ರೈವರ್, ತನ್ನ ಪಾಲಿನ ತಡವನ್ನ ಇದರ ಮೇಲೆ ಸೇರಿಸುತ್ತೆ. ಒಟ್ಟು 10 ಮಿಲಿಸೆಕೆಂಡಿನೊಳಗೆ ತಂದರೆ ಆರಾಮಾಗಿ ನುಡಿಸಬಹುದು.

ಮೊದಲು ಬ್ಲೂಟೂತ್ ಹೆಡ್‌ಫೋನ್ ತೆಗೆದಿಟ್ಟು ತಂತಿಯದ್ದು ಹಾಕಿ. ಬ್ಲೂಟೂತ್ ಒಂದೇ 100 ಮಿಲಿಸೆಕೆಂಡಿಗಿಂತ ಹೆಚ್ಚು ತಡ ಮಾಡಬಲ್ಲದು, ಆಗ ಬೇರೆ ಯಾವ ಸೆಟ್ಟಿಂಗ್ ತಿದ್ದಿದರೂ ಉಪಯೋಗವಾಗಲ್ಲ. ವಿಂಡೋಸ್‌ನಲ್ಲಿ ಆಡಿಯೊ ಡ್ರೈವರ್ ಜಾಗದಲ್ಲಿ ಎಎಸ್‌ಐಒ (ASIO, ತಡ ಕಡಿಮೆ ಮಾಡೋ ಡ್ರೈವರ್) ಆಯ್ಕೆ ಮಾಡಿ. ಮ್ಯಾಕ್‌ನಲ್ಲಿ ಈ ಕೆಲಸ ಬೇಕಿಲ್ಲ. ಆಮೇಲೆ ಬಫರ್ 512 ಕ್ಕೆ ಇಟ್ಟು, ಸ್ವರ ಉಳಿಸೋ ಪೆಡಲ್ ಒತ್ತಿ ಹತ್ತಾರು ಸ್ವರ ನುಡಿಸಿ. ಶಬ್ದ ಶುದ್ಧವಾಗಿದ್ದರೆ 256, ಆಮೇಲೆ 128. ಚಟಪಟ ಅಂತ ಶಬ್ದ ಒಡೆದರೆ ಪ್ರೊಸೆಸರ್ ಕಂತು ತುಂಬೋಕೆ ಏದುಸಿರು ಬಿಡ್ತಿದೆ ಅಂತ ಅರ್ಥ. ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಬ್ರೌಸರಿನಲ್ಲಿ ನುಡಿಸೋ ಪಿಯಾನೊಗಳಲ್ಲಿ ಸಾಮಾನ್ಯವಾಗಿ ಈ ಸೆಟ್ಟಿಂಗೇ ಸಿಗಲ್ಲ, ಅದಕ್ಕೇ ದಿನದ ಅಭ್ಯಾಸಕ್ಕೆ ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಒಳ್ಳೇದು.

[ತೆರೆಯಲ್ಲಿ: ಡಿಜಿಟಲ್ ಪಿಯಾನೊದ ಹಿಂಭಾಗ, ಯುಎಸ್‌ಬಿ ಕೇಬಲ್]

ಡಿಜಿಟಲ್ ಪಿಯಾನೊವನ್ನ ಯುಎಸ್‌ಬಿ ಮೂಲಕ ಜೋಡಿಸಿದಾಗ ಪ್ರತಿ ಸ್ವರ ಎರಡೆರಡು ಸಲ ಕೇಳ್ತಿದೆಯಾ? ಪಿಯಾನೊದ ಸ್ವಂತ ಧ್ವನಿ, ಕಂಪ್ಯೂಟರಿನ ಧ್ವನಿ ಎರಡೂ ಬರ್ತಿವೆ. ಪಿಯಾನೊ ಮೆನುವಿನಲ್ಲಿ ಲೋಕಲ್ ಕಂಟ್ರೋಲ್ (ಕೀ ಒತ್ತಿದಾಗ ಪಿಯಾನೊ ತಾನೇ ಧ್ವನಿ ಮಾಡೋ ವ್ಯವಸ್ಥೆ) ಆಫ್ ಮಾಡಿ. ಕೇಬಲ್ ತೆಗೆದಾಗ ಮತ್ತೆ ಆನ್ ಮಾಡೋದು ಮರೆತರೆ ಪಿಯಾನೊ ಮೂಕವಾಗಿರುತ್ತೆ. ಕೆಟ್ಟಿದೆ ಅಂತ ರಿಪೇರಿಗೆ ಒಯ್ಯೋ ಮೊದಲು ಇದನ್ನ ನೋಡಿ.

ಪೆಡಲ್ ಉಲ್ಟಾ ಆಗಿ, ಕಾಲು ತೆಗೆದಾಗ ಸ್ವರ ಉಳಿದು ಒತ್ತಿದಾಗ ನಿಲ್ಲುತ್ತಿದ್ದರೆ ಪಿಯಾನೊ ಆಫ್ ಮಾಡಿ, ಪೆಡಲ್ ಸರಿಯಾಗಿ ಚುಚ್ಚಿ, ಕಾಲಿಡದೆ ಆನ್ ಮಾಡಿ. ಬಹಳಷ್ಟು ಕೀಬೋರ್ಡುಗಳು ಆನ್ ಆಗುವ ಹೊತ್ತಿಗೆ ಪೆಡಲ್ ಯಾವ ಸ್ಥಿತಿಯಲ್ಲಿದೆಯೋ ಅದನ್ನೇ ಬಿಟ್ಟ ಸ್ಥಿತಿ ಅಂದುಕೊಳ್ಳುತ್ತವೆ. ಆಗಲೂ ಸರಿಹೋಗದಿದ್ದರೆ ಪೆಡಲಿನ ತಳದಲ್ಲಿ ಪೊಲಾರಿಟಿ ಸ್ವಿಚ್ (ಒತ್ತಿದ, ಬಿಟ್ಟ ಸ್ಥಿತಿಗಳನ್ನ ಅದಲುಬದಲು ಮಾಡೋ ಸ್ವಿಚ್) ಇದೆಯಾ ನೋಡಿ, ಇದ್ದರೆ ಅದನ್ನ ಇನ್ನೊಂದು ಕಡೆಗೆ ತಳ್ಳಿ.