ತಪ್ಪು ಮಾಡಲು ಜಾಗವಿರುವ ತರಬೇತಿ

ಕೇಳುಗರಿಗೆ ನಮಸ್ಕಾರ.

ಕೆಲಸಕ್ಕೆ ಸೇರಿದ ಹೊಸಬರನ್ನು ಕೋಣೆಯೊಂದರಲ್ಲಿ ಕೂರಿಸಿ, ಸ್ಲೈಡುಗಳನ್ನು ತೋರಿಸಿ, ಹಾಜರಿ ಪಟ್ಟಿಗೆ ಸಹಿ ಹಾಕಿಸಿಕೊಂಡರೆ ತರಬೇತಿ ಮುಗಿಯಿತು ಎನ್ನುವ ರೂಢಿ ಬಹಳ ಕಡೆ ಇದೆ. ಈಗ ಅದೇ ಸ್ಲೈಡುಗಳು ಮೊಬೈಲಿಗೆ ಬಂದಿವೆ. ‘ಮುಂದೆ’ ಎಂಬ ಗುಂಡಿ ಒತ್ತುತ್ತಾ ಹೋದರೆ ಪ್ರಮಾಣಪತ್ರ ಸಿಕ್ಕಿಬಿಡುತ್ತದೆ. ಇದನ್ನು ಸಂವಾದಾತ್ಮಕ ತರಬೇತಿ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಕಲಿಯುವವರು ತಾವೇ ಒಂದು ತೀರ್ಮಾನ ಮಾಡಬೇಕು, ಅದರ ಪರಿಣಾಮ ಕೂಡಲೇ ಕಣ್ಣಿಗೆ ಬೀಳಬೇಕು, ತಪ್ಪಿದರೆ ಮತ್ತೆ ಮಾಡಿ ನೋಡಲು ಅವಕಾಶವಿರಬೇಕು. ತಂತ್ರಜ್ಞಾನದಿಂದ ನಾವು ಕೇಳಬೇಕಾದದ್ದು ಇಷ್ಟು.

ವಿಮಾನ ಚಾಲಕರ ತರಬೇತಿಯಲ್ಲಿ ಇದು ಬಹಳ ಹಿಂದೆಯೇ ಅರಿವಿಗೆ ಬಂದಿತ್ತು. ಅಮೆರಿಕದ ಎಡ್ವಿನ್ ಲಿಂಕ್ ಅವರ ಮನೆತನದ ಕಸುಬು ಪಿಯಾನೊ, ಆರ್ಗನ್ ತಯಾರಿಕೆ. ಆ ವಾದ್ಯಗಳಲ್ಲಿ ಬಳಸುವ ಗಾಳಿಯ ತಿದಿಗಳಿಂದಲೇ ಅವರು 1929ರ ಹೊತ್ತಿಗೆ, ನೆಲದ ಮೇಲೆ ನಿಂತಲ್ಲೇ ವಾಲುವ, ತಿರುಗುವ ಪುಟ್ಟ ವಿಮಾನವೊಂದನ್ನು ಕಟ್ಟಿದರು. ಮೊದಮೊದಲು ಅದನ್ನು ಕೊಂಡವರಲ್ಲಿ ಹೆಚ್ಚಿನವರು ಮನರಂಜನಾ ಪಾರ್ಕಿನವರು. 1934ರಲ್ಲಿ ಅಂಚೆ ಸಾಗಿಸುವ ಹೊಣೆ ಅಲ್ಲಿನ ಸೇನೆಯ ಮೇಲೆ ಬಿತ್ತು. ಕೆಟ್ಟ ಹವೆಯಲ್ಲಿ, ಕತ್ತಲಲ್ಲಿ, ಉಪಕರಣಗಳನ್ನಷ್ಟೇ ನಂಬಿ ಹಾರಿಸುವ ಅಭ್ಯಾಸ ಸಾಲದೆ ಹಲವು ಚಾಲಕರು ಸತ್ತರು. ಆಮೇಲೆ ಸೇನೆ ಲಿಂಕ್ ಅವರ ಯಂತ್ರಗಳನ್ನು ಕೊಂಡಿತು. ಇಷ್ಟು ಸರಳವಾದ ಉಪಾಯ ಒಪ್ಪಿಗೆಯಾಗಲು ಸಾವುಗಳೇ ಆಗಬೇಕಾಯಿತಲ್ಲ ಎಂಬ ನೋವು ನನಗೆ ಈಗಲೂ ಇದೆ.

ವೈದ್ಯರ ವಿಷಯದಲ್ಲೂ ಪುರಾವೆಯಿದೆ. ಕಂಪ್ಯೂಟರಿನ ಮಿಥ್ಯಾವಾಸ್ತವದಲ್ಲಿ, ಅಂದರೆ ನಿಜದಂತೆಯೇ ತೋರುವ ಕೃತಕ ದೃಶ್ಯದಲ್ಲಿ (ವರ್ಚುವಲ್ ರಿಯಾಲಿಟಿ), ಮೊದಲು ಪಳಗಿದ ಯುವ ಶಸ್ತ್ರವೈದ್ಯರು ಪಿತ್ತಕೋಶ ಬಿಡಿಸುವ ಕೆಲಸವನ್ನು ಉಳಿದವರಿಗಿಂತ 29% ಬೇಗ ಮುಗಿಸಿದರು, ಅವರ ತಪ್ಪುಗಳೂ ಬಹಳ ಕಡಿಮೆಯಿದ್ದವು ಎಂದು 2002ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಭಾಗವಹಿಸಿದವರು 16 ಮಂದಿ ಮಾತ್ರ, ಹಾಗಾಗಿ ಆ ಅಂಕಿಯನ್ನು ಎಲ್ಲ ಕೆಲಸಕ್ಕೂ ಹಚ್ಚುವುದು ಸರಿಯಲ್ಲ.

ಇಂಥ ದುಬಾರಿ ಉಪಕರಣ ಎಲ್ಲರಿಗೂ ಬೇಕಿಲ್ಲ. ಸಿಟ್ಟಾದ ಗ್ರಾಹಕರೊಬ್ಬರು ಫೋನಿನಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಪರದೆಯ ಮೇಲೆ ಮೂರು ಉತ್ತರಗಳಿವೆ. ಒಂದನ್ನು ಆರಿಸಿದರೆ ಗ್ರಾಹಕರ ದನಿ ಇನ್ನೂ ಏರುತ್ತದೆ, ಇನ್ನೊಂದನ್ನು ಆರಿಸಿದರೆ ಅವರು ನಿಜವಾದ ತೊಂದರೆ ಹೇಳತೊಡಗುತ್ತಾರೆ. ಸಾಮಾನ್ಯ ಫೋನಿನಲ್ಲೇ ಇದನ್ನು ಮಾಡಬಹುದು. ಕಷ್ಟವಿರುವುದು ಆ ಮೂರು ಉತ್ತರ ಬರೆಯುವುದರಲ್ಲಿ. ತಪ್ಪು ಉತ್ತರವೂ ನಂಬುವಂತಿರಬೇಕು, ಯಾರಿಗಾದರೂ ಹಾಗೇ ಹೇಳಿಬಿಡೋಣ ಎನ್ನಿಸುವಂತಿರಬೇಕು. ಆ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಅನುಭವಿಯ ಪಕ್ಕದಲ್ಲಿ ಕೂತು ಕೇಳದೆ ಅಂಥದ್ದನ್ನು ಬರೆಯಲಾಗದು.

ಮರೆವಿನ ಸಂಗತಿಯೂ ಇದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು, ಕೆಲವರು ಓದಿದ್ದನ್ನು ನೆನಪಿನಿಂದ ಬರೆದರು. ಐದು ನಿಮಿಷದ ಬಳಿಕ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ನೆನಪಿನಿಂದ ಬರೆದವರು ಮುಂದಾದರು. ತರಬೇತಿ ಮುಗಿದ ಸಂಜೆಯೇ ಪರೀಕ್ಷೆ ಇಟ್ಟು ಸಮಾಧಾನಪಡುವ ಸಂಸ್ಥೆಗಳು ಇದನ್ನು ಗಮನಿಸಲಿ. ವಾರ ಕಳೆದು ಎರಡು ಪ್ರಶ್ನೆ, ತಿಂಗಳು ಕಳೆದು ಮತ್ತೆರಡು ಪ್ರಶ್ನೆ ಫೋನಿಗೆ ಕಳಿಸಿದರೂ ಸಾಕು.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ. ಯಾರು ಎಲ್ಲಿ ಎಡವಿದರು ಎಂಬುದೆಲ್ಲ ಈ ವ್ಯವಸ್ಥೆಗಳಲ್ಲಿ ದಾಖಲಾಗುತ್ತದೆ. ಆ ದಾಖಲೆ ಬಡ್ತಿ, ಸಂಬಳದ ಕಡತಕ್ಕೆ ಹೋಗುತ್ತದೆಂದು ಗೊತ್ತಾದ ದಿನವೇ ಜನ ಪ್ರಯೋಗ ಮಾಡುವುದನ್ನು ನಿಲ್ಲಿಸಿ, ಪಕ್ಕದವರನ್ನು ಕೇಳಿ ಸರಿ ಉತ್ತರ ಒತ್ತುತ್ತಾರೆ. ಆದ್ದರಿಂದ ಅಭ್ಯಾಸದ ಅಂಕಗಳು ಕಲಿಯುವವರಿಗೂ ಕಲಿಸುವವರಿಗೂ ಮಾತ್ರ ಕಾಣಲಿ, ಇದನ್ನು ತರಬೇತಿಯ ಮೊದಲ ದಿನವೇ ಎಲ್ಲರಿಗೂ ಬರಹದಲ್ಲಿ ತಿಳಿಸಲಿ.

ನಮಸ್ಕಾರ.