ಬೆರಳಚ್ಚು ಹೊಂದದಿದ್ದರೂ ಹಣ ಅವರದೇ

ಕೇಳುಗರೆಲ್ಲರಿಗೂ ನಮಸ್ಕಾರ.

ಬ್ಯಾಂಕಿನ ಬಾಗಿಲಲ್ಲಿ ಎದುರಾಗುವ ಮೊದಲ ಪ್ರಶ್ನೆ, ನೀವು ಯಾರು? ಬಾಯಲ್ಲಿ ಹೇಳಿದರೆ ಸಾಲದು, ದಾಖಲೆ ತೋರಿಸಬೇಕು. ಜನನ ಪ್ರಮಾಣಪತ್ರ ಇಲ್ಲದವರು, ನಿಂತ ವಿಳಾಸವಿಲ್ಲದೆ ಕೆಲಸ ಹುಡುಕಿಕೊಂಡು ಊರೂರು ತಿರುಗುವವರು ಅಲ್ಲೇ ಹೊರಗುಳಿಯುತ್ತಾರೆ. ವಿಶ್ವಬ್ಯಾಂಕಿನ 2025ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 130 ಕೋಟಿ ವಯಸ್ಕರಿಗೆ ಖಾತೆಯೇ ಇಲ್ಲ. ಬಡತನ, ಬ್ಯಾಂಕಿನ ದೂರ ಎಂಬ ಕಾರಣಗಳ ಜೊತೆಗೆ ದಾಖಲೆ ಇಲ್ಲದಿರುವುದೂ ಒಂದು ದೊಡ್ಡ ಕಾರಣ. ಡಿಜಿಟಲ್ ಗುರುತಿನ ಮೇಲೆ ಅಷ್ಟೊಂದು ಆಸೆ ಹುಟ್ಟಿದ್ದು ಅದಕ್ಕೇ. ಭಾರತದಲ್ಲಿ 2010ರಲ್ಲಿ ಮೊದಲ ಆಧಾರ್ ಸಂಖ್ಯೆ ಕೊಟ್ಟರು. ಕಾಗದದ ಕಂತೆ ಹಿಡಿದು ಓಡಾಡಬೇಕಿದ್ದ ಕೆಲಸ ನಿಮಿಷಗಳಲ್ಲಿ ಮುಗಿಯುವಂತಾಯಿತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಖಾತೆ ತೆರೆಯುವುದು ಒಂದು ಸಲದ ಕೆಲಸ, ಹಣ ತೆಗೆಯುವುದು ಬದುಕಿರುವಷ್ಟು ಕಾಲದ ಕೆಲಸ. ಪ್ರತಿ ಸಲವೂ ಆ ವ್ಯಕ್ತಿ ತಾನೇ ಎಂದು ರುಜುವಾತು ಮಾಡಬೇಕು. ತೊಡಕು ಹೆಚ್ಚಾಗಿ ಕಾಣುವುದು ಇಲ್ಲಿ.

ಕಲ್ಲು ಹೊತ್ತು, ಇಟ್ಟಿಗೆ ಜೋಡಿಸಿ, ಸೋಪಿನ ನೀರಲ್ಲಿ ಪಾತ್ರೆ ತಿಕ್ಕಿ ಸವೆದ ಬೆರಳನ್ನು ನೆನೆಸಿಕೊಳ್ಳಿ. ಹಣ ತೆಗೆಯಲೆಂದು, ಆಧಾರ್‌ನಲ್ಲಿ ದಾಖಲಾದ ಬೆರಳಚ್ಚಿನೊಂದಿಗೆ ಹೋಲಿಸುವ ಪುಟ್ಟ ಯಂತ್ರದ ಗಾಜಿನ ಮೇಲೆ ಆ ಬೆರಳಿಟ್ಟರೆ ಹೊಂದುವುದಿಲ್ಲ. ಬಟ್ಟೆಗೆ ಒರೆಸಿಕೊಂಡು ಮತ್ತೆ ಇಡುತ್ತಾರೆ. ಅಲ್ಲಿ ಕೂತ ನೌಕರರು ಒತ್ತಿ ಹಿಡಿಯಿರಿ ಎನ್ನುತ್ತಾರೆ, ಇನ್ನೊಂದು ಬೆರಳು ಕೊಡಿ ಎನ್ನುತ್ತಾರೆ. ಹಿಂದೆ ಸಾಲು ಬೆಳೆಯುತ್ತದೆ. ಕಡೆಗೆ, ಬರ್ತಾ ಇಲ್ಲ, ನಾಳೆ ಬನ್ನಿ.

ಯಂತ್ರ ಮಾಡುವುದು ಇಷ್ಟೇ: ಬೆರಳಿನ ಗೆರೆಗಳು ಎಲ್ಲಿ ನಿಲ್ಲುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ಗುರುತಿಸಿ, ನೋಂದಣಿಯ ದಿನ ದಾಖಲಾದದ್ದರೊಂದಿಗೆ ಹೋಲಿಸಿ ಅಂಕ ಕೊಡುವುದು. ಎಷ್ಟು ಅಂಕ ಬಂದರೆ ಒಪ್ಪಬೇಕು ಎಂದು ನಿರ್ಧರಿಸುವವರು ಮನುಷ್ಯರೇ. ಮಿತಿ ಏರಿಸಿದರೆ ನಿಜವಾದ ಖಾತೆದಾರರನ್ನೇ ತಿರಸ್ಕರಿಸುವುದು ಹೆಚ್ಚುತ್ತದೆ. ಇಳಿಸಿದರೆ ಬೇರೆಯವರು ನುಸುಳುವ ಅಪಾಯ ಹೆಚ್ಚುತ್ತದೆ. ಎರಡು ತಪ್ಪುಗಳನ್ನೂ ಒಟ್ಟಿಗೆ ಸೊನ್ನೆಗೆ ಇಳಿಸಿದ ಯಂತ್ರ ಇಲ್ಲ. ಅಂದಮೇಲೆ ಕೆಲವರಿಗೆ ಬೆರಳಚ್ಚು ಹೊಂದುವುದಿಲ್ಲ ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಅದರ ಭಾರವನ್ನು ಸಾಲಿನಲ್ಲಿ ನಿಂತವರ ತಲೆಗೆ ಕಟ್ಟುವುದು ಅನ್ಯಾಯ. ಇನ್ನೂ ಒಂದು ಮಾತು: ಪಿನ್ ಕಳುವಾದರೆ ಬದಲಾಯಿಸಬಹುದು. ಬೆರಳಚ್ಚಿನ ನಕಲು ಕಳ್ಳರ ಕೈಗೆ ಸಿಕ್ಕರೆ ಬದಲಾಯಿಸಲು ಬೇರೆ ಬೆರಳು ಎಲ್ಲಿಂದ ತರೋಣ?

ಹಾಗಾಗಿ ಎರಡನೆಯ ದಾರಿ ಎಂಬುದು ಉಪಕಾರವಲ್ಲ, ವ್ಯವಸ್ಥೆಯ ಅಂಗ. ಕಣ್ಣಿನ ಪಾಪೆಯ ಗುರುತು, ಕಾರ್ಡು ಮತ್ತು ಪಿನ್, ಫೋನಿಗೆ ಬರುವ ಓಟಿಪಿ. ಓಟಿಪಿ ಒಂದನ್ನೇ ನಂಬುವಂತಿಲ್ಲ, ಎಷ್ಟೋ ಮನೆಗಳಲ್ಲಿ ಫೋನ್ ಇರುವುದು ಮಗನ ಜೇಬಿನಲ್ಲಿ. ಇವು ಯಾವುವೂ ಕೂಡಿಬರದಿದ್ದರೆ ದಾಖಲೆ ನೋಡಿ, ಮುಖ ನೋಡಿ, ಬರೆದಿಟ್ಟುಕೊಂಡು ಹಣ ಕೊಡುವ ಅಧಿಕಾರ ಅಲ್ಲಿ ಕೂತ ನೌಕರರಿಗೆ ಇರಬೇಕು. ಡಿಜಿಟಲ್ ಗುರುತಿಗೆ ಹೆಸರಾದ ಯುರೋಪಿನ ಪುಟ್ಟ ದೇಶ ಎಸ್ಟೋನಿಯಾದಲ್ಲೇ 2017ರಲ್ಲಿ ಗುರುತಿನ ಚೀಟಿಯ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ದೋಷ ಕಂಡು, ಸುಮಾರು 7.6 ಲಕ್ಷ ಚೀಟಿಗಳು ಅಪಾಯಕ್ಕೆ ಸಿಲುಕಿದವು. ಆನ್‌ಲೈನಿನಲ್ಲಿ ಗುರುತು ರುಜುವಾತು ಮಾಡುವ ಅವುಗಳ ಡಿಜಿಟಲ್ ಪ್ರಮಾಣಪತ್ರಗಳನ್ನು ಸರ್ಕಾರ ತಡೆಹಿಡಿಯಿತು. ಫೋನಿನ ಮೂಲಕ ಗುರುತು ತೋರಿಸುವ ಬೇರೆ ವ್ಯವಸ್ಥೆ ಇದ್ದವರ ಕೆಲಸ ನಿಲ್ಲಲಿಲ್ಲ.

ಕಾನೂನಿನಲ್ಲೂ ಇದಕ್ಕೆ ಜಾಗವಿದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಕಡ್ಡಾಯವಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ಹೇಳಿತು. ಪೂರ್ಣ ದಾಖಲೆ ಇಲ್ಲದವರೂ ಬ್ಯಾಂಕ್ ಅಧಿಕಾರಿಯ ಎದುರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು ಒತ್ತಿ, ಫೋಟೋ ಕೊಟ್ಟು, 50,000 ರೂಪಾಯಿ ಶಿಲ್ಕಿನ ಮಿತಿಯ ಸಣ್ಣ ಖಾತೆ ತೆರೆಯಬಹುದು. ಅಪಾಯ ಕಡಿಮೆ ಇದ್ದಲ್ಲಿ ತಪಾಸಣೆಯೂ ಹಗುರ. ಸರಿಯಾದ ನಡೆ ಇದು.

ಇನ್ನು ಬರಿಗೈಲಿ ಹಿಂದಿರುಗಿದವರ ಸಂಗತಿ. ಯಂತ್ರದಲ್ಲಿ ಅದು ಒಂದು ವಿಫಲ ಪ್ರಯತ್ನವಾಗಿ ಉಳಿದೀತು; ಆ ದಿನದ ಕೂಲಿ ಬಿಟ್ಟು ಬಂದವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಣ ಸಿಗದ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಬೇಕೆಂದು ನಾವು ಕೇಳಬೇಕು: ದಿನಾಂಕ, ವೇಳೆ, ಕಾರಣ, ದೂರು ಕೊಡುವ ಜಾಗ ಮತ್ತು ಅದೇ ಹಣವನ್ನು ಅದೇ ದಿನ ಬೇರೆ ಯಾವ ರೀತಿಯಲ್ಲಿ ಪಡೆಯಬಹುದು ಎಂಬ ವಿವರ.