ಪ್ಲಾಸ್ಟರ್ ಗೊಂಬೆಯ ಮೂರು ವರ್ಷ

ಕೇಳುಗರಿಗೆಲ್ಲ ನಮಸ್ಕಾರ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಕೇಳುತ್ತಿರುವವರಿಗೂ, ಅಂಗಡಿಯ ಗಲ್ಲಾ ಮುಂದೆ ಕೂತು ಕೇಳುತ್ತಿರುವವರಿಗೂ.

ಗಣೇಶನ ಹಬ್ಬ ಬಂದರೆ ಪಿಓಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ಬೇಡ ಅಂತ ಪ್ರತಿ ವರ್ಷ ಹೇಳುತ್ತಾರೆ, ಅಲ್ವಾ? ಎರಡನೇ ಮಹಾಯುದ್ಧದ ಸಮಯದಲ್ಲಿ ಮೂರು ವರ್ಷ ಅಮೆರಿಕದ ಸಿನಿಮಾ ಪ್ರಶಸ್ತಿ ಆಸ್ಕರ್‌ನ ಗೊಂಬೆಯನ್ನು ಮಾಡಿದ್ದೂ ಪ್ಲಾಸ್ಟರ್‌ನಲ್ಲೇ. ಮೇಲೆ ಬಣ್ಣ ಬಳಿದು ಕೊಟ್ಟರು. ಲೋಹವೆಲ್ಲ ಗುಂಡು, ವಿಮಾನ, ಹಡಗಿಗೆ ಹೋಗುತ್ತಿದ್ದ ಕಾಲ ಅದು. ಗೊಂಬೆಗೆ ಎಲ್ಲಿಂದ ತರುವುದು?

ಆಸ್ಕರ್ ಅಂದ ತಕ್ಷಣ ಯಾರಿಗೆ ಬಂತು, ಯಾವ ಬಟ್ಟೆ ಹಾಕಿದ್ದರು ಅಂತಲೇ ಕೇಳುತ್ತಾರೆ. ದಯವಿಟ್ಟು ಅದನ್ನು ಇವತ್ತೊಂದು ದಿನ ಪಕ್ಕಕ್ಕಿಡಿ. ಪ್ರಶಸ್ತಿ ಅಂದರೆ ಇಷ್ಟೇ: ಈ ಕೆಲಸ ಮಾಡಿದ್ದು ಇವರು ಅಂತ ನಾಲ್ಕು ಜನರ ಮುಂದೆ ಹೇಳುವುದು. ಆ ಪ್ಲಾಸ್ಟರ್ ವರ್ಷಗಳಲ್ಲಿ ಇದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂದರೆ, ನನಗೆ ಬೇರೆ ಯಾವ ವರ್ಷದ ಸಮಾರಂಭಕ್ಕಿಂತಲೂ ಅವೇ ಜಾಸ್ತಿ ಇಷ್ಟ.

ಅದಕ್ಕೂ ಮುಂಚೆ ಸಮಾರಂಭ ಅಂದರೆ ದೊಡ್ಡ ಹೋಟೆಲಿನಲ್ಲಿ ಭರ್ಜರಿ ಔತಣ. 1941ರ ಕೊನೆಗೆ ಯುದ್ಧ ಅಮೆರಿಕದ ಬಾಗಿಲಿಗೆ ಬಂತು. ಆಗ ಆಸ್ಕರ್ ಕೊಡುವ ಅಕಾಡೆಮಿಯ ಅಧ್ಯಕ್ಷೆ ನಟಿ ಬೆಟ್ಟಿ ಡೇವಿಸ್. ಔತಣ ಬಿಡೋಣ, ಥಿಯೇಟರಿನಲ್ಲಿ ನಡೆಸೋಣ, ಜನರಿಗೆ ಟಿಕೆಟ್ ಮಾರಿ ಬಂದ ದುಡ್ಡನ್ನು ಯುದ್ಧ ಪರಿಹಾರಕ್ಕೆ ಕೊಡೋಣ ಅಂದರು. ಮಂಡಳಿಯವರು ಒಪ್ಪಲಿಲ್ಲ. ಅವರು ರಾಜೀನಾಮೆ ಕೊಟ್ಟು ಹೊರಟರು. ಎರಡೇ ವರ್ಷ! 1944ರಲ್ಲಿ ಸಮಾರಂಭ ಗ್ರಾಮನ್ಸ್ ಚೈನೀಸ್ ಥಿಯೇಟರಿಗೆ ಬಂತು, ಸೈನಿಕರಿಗೆ ಉಚಿತ ಪಾಸ್ ಕೊಟ್ಟರು. ಆ ಹೆಣ್ಣುಮಗಳು ಹೇಳಿದ್ದು ಸರಿಯಾಗಿತ್ತು.

ಆ ರಾತ್ರಿಯ ಕಥೆಯನ್ನೇ ಹೇಳಬೇಕು. 1944, ಮಾರ್ಚ್ 2. ಅತ್ಯುತ್ತಮ ಚಿತ್ರ 'ಕಾಸಾಬ್ಲಾಂಕಾ'. ಅದರ ನಿರ್ಮಾಪಕ ಹಾಲ್ ವಾಲಿಸ್. ನಮ್ಮಲ್ಲಿ ನಿರ್ಮಾಪಕ ಅಂದರೆ ದುಡ್ಡು ಹಾಕುವವರು. ಆಗಿನ ಹಾಲಿವುಡ್‌ನಲ್ಲಿ ದುಡ್ಡು ಸ್ಟುಡಿಯೋದ್ದು. ನಿರ್ಮಾಪಕ ಸಿನಿಮಾವನ್ನು ಕಟ್ಟುವ ಮೇಸ್ತ್ರಿ. ರಂಗಕ್ಕೇರದೆ ಉಳಿದಿದ್ದ ಒಂದು ನಾಟಕವನ್ನು ಸಿನಿಮಾ ಮಾಡುವಾಗ ಅದಕ್ಕೆ ಈ ಹೆಸರು ಇಟ್ಟದ್ದು ವಾಲಿಸ್. ಚಿತ್ರೀಕರಣ ಮುಗಿದ ಮೇಲೆ ಕೊನೆಯ ದೃಶ್ಯದ ಕೊನೆಯ ಮಾತು ಸರಿಹೋಗಲಿಲ್ಲ ಅಂತ ಹೊಸ ಸಾಲು ಬರೆದದ್ದೂ ಅವರೇ. ನಾಯಕ ಹಂಫ್ರಿ ಬೋಗಾರ್ಟ್‌ನನ್ನು ಮತ್ತೆ ಕರೆಸಿ ಅದನ್ನು ಡಬ್ ಮಾಡಿಸಿದರು. ಇವತ್ತಿಗೂ ಜನ ಬಾಯಿಪಾಠ ಹೇಳುವ ಮಾತು ಅದು.

ಚಿತ್ರದ ಹೆಸರು ಕೂಗಿದರು. ವಾಲಿಸ್ ಕುರ್ಚಿಯಿಂದ ಎದ್ದರು. ಅಷ್ಟರಲ್ಲಿ ಸ್ಟುಡಿಯೋ ಯಜಮಾನ ಜ್ಯಾಕ್ ವಾರ್ನರ್ ಎದ್ದು ವೇದಿಕೆಗೆ ಓಡಿದರು. ವಾಲಿಸ್ ಸಾಲಿನಿಂದ ಹೊರಗೆ ಬರಲು ನೋಡಿದರು. ಸಾಲಿನ ತುಂಬಾ ವಾರ್ನರ್ ಕುಟುಂಬದವರೇ. ಅವರು ದಾರಿ ಬಿಡಲಿಲ್ಲ. ಬೇರೆ ದಾರಿಯಿಲ್ಲದೆ ವಾಲಿಸ್ ಮತ್ತೆ ಕೂತರು. ತಾವು ಕಟ್ಟಿದ ಸಿನಿಮಾದ ಪ್ರಶಸ್ತಿ ಬೇರೆಯವರ ಕೈ ಸೇರುವುದನ್ನು ಕೂತು ನೋಡಿದರು.

ಕೈ ಸೇರಿದ್ದು ಏನು? ಪ್ಲಾಸ್ಟರ್ ಗೊಂಬೆ! ಕರಗಿಸಿದರೆ ನಾಲ್ಕು ಕಾಸು ಹುಟ್ಟದ ಗೊಂಬೆ. ಆದರೆ ವಾಲಿಸ್ ಅದೇ ವರ್ಷ ಆ ಸ್ಟುಡಿಯೋವನ್ನೇ ಬಿಟ್ಟರು. ಸುಮಾರು 40 ವರ್ಷ ಆದಮೇಲೆ ಬರೆದ ಆತ್ಮಕಥೆಯಲ್ಲೂ, ಆ ಪೆಟ್ಟಿನಿಂದ ಇನ್ನೂ ಚೇತರಿಸಿಕೊಂಡಿಲ್ಲ ಅಂದರು. ಈಗ ಹೇಳಿ, ಅವರಿಗೆ ನೋವಾದದ್ದು ಗೊಂಬೆಗಾಗಿಯೇ? ಈ ಕೆಲಸ ಮಾಡಿದ್ದು ಇವರು ಅಂತ ಯಾರೂ ಹೇಳಲಿಲ್ಲ. ಅದಕ್ಕೆ. ಆಗ ಅತ್ಯುತ್ತಮ ಚಿತ್ರದ ಪ್ರಶಸ್ತಿ ಹೋಗುತ್ತಿದ್ದುದು ಸ್ಟುಡಿಯೋ ಹೆಸರಿಗೆ. ನಿರ್ಮಾಪಕರ ಕೈಗೆ ಕೊಡುವ ಪದ್ಧತಿ ಬರಲು 1950ರ ದಶಕ ಬರಬೇಕಾಯಿತು. ಎಷ್ಟು ಸಣ್ಣ ವಿಷಯ, ಎಷ್ಟು ತಡ!

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕಾಸಾಬ್ಲಾಂಕಾದ ಮರುವರ್ಷ, 1945ರಲ್ಲಿ, ಪೋಷಕ ನಟ ಪ್ರಶಸ್ತಿ ಪಡೆದ ಬ್ಯಾರಿ ಫಿಟ್ಜ್‌ಜೆರಾಲ್ಡ್ ಮನೆಯಲ್ಲಿ ಗಾಲ್ಫ್ ಅಭ್ಯಾಸ ಮಾಡುವಾಗ ಕೋಲು ಬೀಸಿದ್ದು ಗೊಂಬೆಗೆ ತಗುಲಿತು, ತಲೆ ಹಾರಿಹೋಯಿತು. ಪ್ಲಾಸ್ಟರ್ ಅಲ್ವಾ! ಯುದ್ಧ ಮುಗಿದ ಮೇಲೆ, ಪ್ಲಾಸ್ಟರ್ ಗೊಂಬೆ ತಂದುಕೊಡಿ, ಚಿನ್ನದ ಲೇಪದ್ದು ಕೊಡುತ್ತೇವೆ ಅಂತ ಅಕಾಡೆಮಿ ಎಲ್ಲರಿಗೂ ಹೇಳಿತು.

1943ರ ಸಮಾರಂಭದಲ್ಲಿ ಸಮವಸ್ತ್ರ ತೊಟ್ಟ ಇಬ್ಬರು ನಟರು, ಟೈರೋನ್ ಪವರ್ ಮತ್ತು ಅಲನ್ ಲ್ಯಾಡ್, ಒಂದು ಧ್ವಜ ಬಿಚ್ಚಿ ತೋರಿಸಿದರು. ಸೇನೆ ಸೇರಿದ್ದ ಚಿತ್ರರಂಗದ 27,677 ಜನರ ಲೆಕ್ಕ ಆ ಧ್ವಜದ ಮೇಲಿತ್ತು. ಲೈಟ್ ಹಿಡಿಯುವವರು, ಬಡಗಿಗಳು, ಗುಮಾಸ್ತರು ಇಲ್ಲದೆ ಇಷ್ಟು ದೊಡ್ಡ ಲೆಕ್ಕ ಆಗುವುದಿಲ್ಲ. ಅದೇ ರಾತ್ರಿ ನಿರ್ದೇಶಕ ವಿಲಿಯಂ ವೈಲರ್‌ಗೆ ಪ್ರಶಸ್ತಿ ಬಂತು. ಅವರು ವಾಯುಪಡೆಯ ಕೆಲಸದಲ್ಲಿ ದೂರ ಇದ್ದರು, ಹೆಂಡತಿ ಬಂದು ತೆಗೆದುಕೊಂಡರು.

ಕೊನೆಗೆ ನಮ್ಮ ಹುಡುಗನ ಮಾತು. ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು. ಅವನು ನಟಿಸಿದ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರಕ್ಕೆ 1941ರಲ್ಲಿ ಮೂರು ಆಸ್ಕರ್ ಬಂದವು: ಛಾಯಾಗ್ರಹಣಕ್ಕೆ, ಕಲಾ ನಿರ್ದೇಶನಕ್ಕೆ, ವಿಶೇಷ ಪರಿಣಾಮಗಳಿಗೆ. ಸಾಬುಗೆ ಒಂದೂ ಇಲ್ಲ. 1944ರಲ್ಲಿ ಅವನು ಅಮೆರಿಕದ ಪ್ರಜೆಯಾಗಿ ವಾಯುಪಡೆ ಸೇರಿದ, ಬಾಂಬರ್ ವಿಮಾನದಲ್ಲಿ ಬಂದೂಕುಗಾರನಾಗಿ ಹಾರಾಡಿದ. ಆ ಕೆಲಸಕ್ಕೆ ಸೇನೆ ಅವನಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಕೊಟ್ಟಿತು. ಅದು ಲೋಹದ್ದು.

ನಮಸ್ಕಾರ.